ಅಕ್ಕ ಕಾಲು ಚಾಚುವ ಕಾರು

ಆ ಬೀದಿಯಲ್ಲಿ ಸೈಲೆನ್ಸರಮ್ಮನ ಗುರುತಿಲ್ಲದವರು ಯಾರೂ ಇಲ್ಲ. ಗಾಡಿಗಳ ಹೊಗೆಕೊಳವೆ ಕತ್ತರಿಸುವುದು, ಬಾಗಿಸುವುದು, ಬೆಸುಗೆ ಹಾಕುವುದು ಆಕೆಯ ಕಸುಬು. ವಯಸ್ಸು ಅರವತ್ತೊಂದು. ಗಿಡ್ಡ ಆಳು, ಗಟ್ಟಿ ಕೈ, ಮೊಣಕೈವರೆಗೂ ಕಿಡಿ ಸಿಡಿದ ಸಣ್ಣ ಸಣ್ಣ ಕಲೆ. ಊರಿನ ಅರ್ಧ ಗಾಡಿಗಳ ಬಾಯಿ ಮುಚ್ಚಿಸಿದ ಈ ಹೆಂಗಸಿನ ಬಾಯಿ ಮಾತ್ರ ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾಯಿತೆಂದರೆ ಸಂಜೆ ಶಟರ್ ಎಳೆಯುವವರೆಗೆ ನಿಲ್ಲುವುದಿಲ್ಲ. ಗಾಡಿಯಡಿ ಮಲಗಿಕೊಂಡೂ ಮಾತಾಡುತ್ತಾಳೆ. ಬೆಸುಗೆಯ ಮುಖವಾಡ ಹಾಕಿಕೊಂಡೂ ಮಾತಾಡುತ್ತಾಳೆ. ಆಗ ಏನು ಹೇಳಿದಳೆಂದು ತಿಳಿಯದಿದ್ದರೂ ಹೂಂಗುಟ್ಟುವುದು ವಾಸಿ, ಇಲ್ಲದಿದ್ದರೆ ಮುಖವಾಡ ಎತ್ತಿ ಮೊದಲಿನಿಂದ ಹೇಳುತ್ತಾಳೆ.

ಅವಳ ಗಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಆತನದು ಎಂಜಿನ್ ಕೆಲಸ. ದಿನಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು, ಅದರಲ್ಲೂ ಹದಿನೈದು ಎಂಜಿನ್ನಿನ ಜೊತೆ. ಇಬ್ಬರಿಗೂ ಒಂದೇ ಶೆಡ್ಡು, ಒಂದೇ ಬೋರ್ಡು, ಮೂವತ್ತಾರು ವರ್ಷದ ಸಂಸಾರ. ಒಂದೇ ಸೂರಿನಡಿ ಕೆಲಸ ಮಾಡಿಕೊಂಡು ಒಬ್ಬರ ತಲೆ ಒಬ್ಬರು ಒಡೆಯದೆ ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಸೈಲೆನ್ಸರಮ್ಮ ನೆಲ ತೋರಿಸುತ್ತಾಳೆ. ಶೆಡ್ಡಿನ ಸಿಮೆಂಟು ನೆಲದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಅಡ್ಡಡ್ಡ ಒಂದು ಹಳದಿ ಗೆರೆ ಎಳೆದಿದೆ.

ಗೆರೆ ಎಳೆದವಳು ಅವಳೇ. ಮದುವೆಯಾದ ಹೊಸತರಲ್ಲಿ ಒಂದು ದಿನ ಅವಳು ಹಾಕಿದ್ದ ಬೆಸುಗೆಯನ್ನು ಮೇಸ್ತ್ರಿ ಗಿರಾಕಿಯ ಕಣ್ಣೆದುರಿಗೇ ಕತ್ತರಿಸಿ ತೆಗೆದು, ತಾನೇ ಮತ್ತೆ ಹಾಕಿದ. ಸೈಲೆನ್ಸರಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಸುಮ್ಮನಿದ್ದದ್ದು ಕಂಡು ಮೇಸ್ತ್ರಿಗೆ ಎದೆ ಧಸಕ್ಕೆಂದಿತಂತೆ. ಮಾರನೆಯ ದಿನ ಅವಳು ಒಂದು ಡಬ್ಬಿ ಹಳದಿ ಬಣ್ಣ ತಂದಳು. "ಎಂಜಿನ್ನಿಂದ ಹೊಗೆ ಹೊರಗೆ ಬರೋ ಬಾಯಿ ಇದೆಯಲ್ಲ, ಅಲ್ಲೀವರೆಗೂ ನಿಮ್ದು. ಅಲ್ಲಿಂದ ಹಿಂದಕ್ಕೆ ನಂದು. ನೀವು ಈಚೆ ಕೈ ಹಾಕ್ಬೇಡಿ, ನಾನು ಆಚೆ ಮೂಗು ತೂರ್ಸಲ್ಲ" ಎಂದಳು. ಮೇಸ್ತ್ರಿ "ಆಯ್ತು" ಎಂದ. ಅವತ್ತಿನಿಂದ ಶೆಡ್ಡಿಗೆ ಯಾವ ಗಾಡಿ ಬಂದರೂ ಎಂಜಿನ್ನು ಮತ್ತು ಕೊಳವೆ ಕೂಡುವ ಜಾಗ ಸರಿಯಾಗಿ ಗೆರೆಯ ಮೇಲೆ ಬರುವಂತೆ ನಿಲ್ಲಿಸುತ್ತಾರೆ. ಗೆರೆಯಾಚೆಯ ನಟ್ಟು ತಿರುಗಿಸುವ ಪಾನಾಗಳಿಗೆ ನೀಲಿ ಟೇಪು, ಈಚೆಯವಕ್ಕೆ ಕೆಂಪು. ಹಿಂದುಗಡೆ ಎಂಜಿನ್ ಇರುವ ಗಾಡಿ ಬಂದಾಗ ಮಾತ್ರ ಇಬ್ಬರೂ ಸಾಮಾನು ಹೊತ್ತುಕೊಂಡು ಜಾಗ ಬದಲಿಸಿಕೊಳ್ಳಬೇಕು. ಅಂಥ ದಿನ ಇಬ್ಬರಿಗೂ ಏನೂ ಕೈಗೆ ಸಿಗುವುದಿಲ್ಲ, ಇಬ್ಬರೂ ಮುಖ ಊದಿಸಿಕೊಂಡಿರುತ್ತಾರೆ.

ಎಂಜಿನ್ನಿಗೂ ಕೊಳವೆಗೂ ಗಂಟು ಹಾಕುವ ಮೂರು ನಟ್ಟುಗಳು ಯಾರವು ಎಂಬ ಪ್ರಶ್ನೆಗೂ ಆಗಲೇ ತೀರ್ಮಾನವಾಗಿತ್ತು. ಕೆಲಸ ಕೊನೆಗೆ ಮುಗಿಸಿದವರು ಬಿಗಿಯಬೇಕು. ಮಾತಿನ ದೆಸೆಯಿಂದ ಸೈಲೆನ್ಸರಮ್ಮನ ಕೆಲಸವೇ ಯಾವಾಗಲೂ ಕೊನೆಗೆ ಮುಗಿಯುತ್ತಿದ್ದುದರಿಂದ ಇದರಲ್ಲಿ ಎಂದೂ ತಕರಾರು ಬಂದಿರಲಿಲ್ಲ.

ಇವರ ಜೊತೆ ಇರುವ ಮೂರನೆಯವಳು ಸೈಲೆನ್ಸರಮ್ಮನ ಅಕ್ಕ. ಎಪ್ಪತ್ತನಾಲ್ಕು ವರ್ಷ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಕೂತು ಊರಿನವರ ದನಿಗಳನ್ನು ಒಂದಕ್ಕೊಂದು ಜೋಡಿಸಿ ನಿವೃತ್ತಳಾದವಳು. ಮನೆತನಕ್ಕೆ ದೇವರು ಕೊಟ್ಟ ಎತ್ತರವನ್ನೆಲ್ಲ ಅಕ್ಕ ಒಬ್ಬಳೇ ತೆಗೆದುಕೊಂಡಿದ್ದಾಳೆ ಎಂದು ತಂಗಿಯ ದೂರು. ಹನ್ನೆರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಮೊಣಕಾಲು ನುಚ್ಚುನೂರಾಯಿತು. ವೈದ್ಯರು ಒಳಗೆ ಸರಳು ಕೂರಿಸಿ ಕಾಲು ಉಳಿಸಿದರು, ಆದರೆ ಅದು ಮತ್ತೆ ಮಡಚಲಿಲ್ಲ. ಆ ಕಾಲನ್ನು ಅಕ್ಕ ಕೋಲಿನಂತೆ ನೇರಕ್ಕೆ ಇಟ್ಟುಕೊಂಡೇ ಓಡಾಡುತ್ತಾಳೆ, ಕೂರುತ್ತಾಳೆ, ಜಗಳ ಆಡುತ್ತಾಳೆ.

ಅಕ್ಕನಿಗೆ ವಾರವೆಂದರೆ ಗುರುವಾರ. ಮಿಕ್ಕ ಆರು ದಿನ ಗುರುವಾರಕ್ಕೆ ಕಾಯುವ ದಿನಗಳು. ಗುರುವಾರ ಮಧ್ಯಾಹ್ನ ಮೂರಕ್ಕೆ ನದಿಯಾಚೆಯ ಒಂದು ಮನೆಯಲ್ಲಿ ಎಕ್ಸ್‌ಚೇಂಜಿನ ಹಳೆಯ ಗೆಳತಿಯರು ಮೂವರು, ಅಕ್ಕ ನಾಲ್ಕನೆಯವಳು, ಇಸ್ಪೀಟು ಆಡುತ್ತಾರೆ. ಪಣಕ್ಕೆ ಇಡುವುದು ಅಂಗಿಯ ಗುಂಡಿ. ಅಕ್ಕ ಗೆದ್ದು ತಂದ ಗುಂಡಿಗಳು ಒಂದು ಬಿಸ್ಕತ್ತಿನ ಡಬ್ಬಿ ತುಂಬಿ ಎರಡನೆಯದಕ್ಕೆ ಹೋಗಿವೆ. ಅಲ್ಲಿಂದ ಬಂದ ಮೇಲೆ ರಾತ್ರಿ ಊಟದವರೆಗೂ ಯಾರು ಯಾವ ಎಲೆ ಯಾವ ಗಳಿಗೆಯಲ್ಲಿ ತಪ್ಪಾಗಿ ಇಳಿಸಿದಳು ಎಂಬುದರ ವರದಿ ನಡೆಯುತ್ತದೆ. ಅವತ್ತೊಂದು ದಿನ ಸೈಲೆನ್ಸರಮ್ಮನಿಗೆ ಬಾಯಿ ತೆರೆಯಲು ಸಂದು ಸಿಗುವುದಿಲ್ಲ.

ಅಲ್ಲಿಗೆ ಹೋಗಲು ಇರುವುದು ಒಂದೇ ಕಾರು. ದಂಪತಿಯ ಮದುವೆಗಿಂತ ಹಳೆಯದು. ಬೀರುವಿನ ಬಾಗಿಲಿನಷ್ಟು ಅಗಲ ತೆರೆದುಕೊಳ್ಳುವ ಬಾಗಿಲು, ಮುಂದೆ ಈ ತುದಿಯಿಂದ ಆ ತುದಿಗೆ ಒಂದೇ ಉದ್ದನೆಯ ಸೀಟು, ಅದರ ಮುಂದೆ ಧಾರಾಳವಾದ ಜಾಗ. ಅಕ್ಕ ಮೊದಲು ಸೀಟಿನಲ್ಲಿ ಕೂತು, ಆಮೇಲೆ ಬಲಗಾಲನ್ನು ಎತ್ತಿ ಒಳಗಿಟ್ಟು, ಮಹಾರಾಣಿಯಂತೆ ಚಾಚಿಕೊಳ್ಳುತ್ತಾಳೆ. ಇನ್ನಾವ ಕಾರಿನಲ್ಲೂ ಆ ಉದ್ದನೆಯ ಹೆಂಗಸು ಮತ್ತು ಆ ಮಡಚದ ಕಾಲು ಎರಡೂ ಒಟ್ಟಿಗೆ ಮುಂದಿನ ಸೀಟಿನಲ್ಲಿ ಹಿಡಿಸುವುದಿಲ್ಲ. ಒಂದು ಸಲ ಟ್ಯಾಕ್ಸಿ ತರಿಸಿ, ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ಮಲಗಿಸಿ ಕರೆದೊಯ್ದಿದ್ದರು. ವಾಪಸು ಬಂದ ಅಕ್ಕ, "ಹೀಗೆ ಮಲಕ್ಕೊಂಡು ನಾನು ಹೋಗೋದು ಇನ್ನೊಂದೇ ಸಲ. ಆವಾಗ ನನ್ನನ್ನ ಕೇಳೋದೇನೂ ಬೇಡ" ಎಂದಳು. ಮತ್ತೆ ಆ ಮಾತು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ಈ ಕಾರಿನ ಜೊತೆಗೇ ಹುಟ್ಟಿದ ಎಂಜಿನ್ ಹದಿನಾರು ವರ್ಷದ ಹಿಂದೆ ಬಿರುಕು ಬಿಟ್ಟು ಸತ್ತಿತು. ಮೇಸ್ತ್ರಿ ಕೈಚೆಲ್ಲಿ ಕೂರಲಿಲ್ಲ. ಮರ ಬಿದ್ದು ಹಿಂಭಾಗ ಅಪ್ಪಚ್ಚಿಯಾಗಿದ್ದ ಒಂದು ಹೊಸ ಕಾರಿನ ಎಂಜಿನ್ನು ತಂದು, ಅದರ ಪುಟ್ಟ ಕಂಪ್ಯೂಟರ್ ಸಮೇತ, ನಲವತ್ತು ದಿನ ಕೂತು ಈ ಮುದಿ ಒಡಲಿಗೆ ಕೂರಿಸಿದ. ಆ ಎಂಜಿನ್ನಿನ ಜೊತೆ ಹೊಗೆ ಶುದ್ಧ ಮಾಡುವ ಸಾಮಾನುಗಳೂ ಬಂದಿದ್ದವು. ಹೊಗೆಯಲ್ಲಿನ ವಿಷ ಸುಟ್ಟುಹಾಕುವ ಕನ್ವರ್ಟರ್ ಎಂಬ ಉಕ್ಕಿನ ಉಂಡೆ, ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಕಂಪ್ಯೂಟರಿಗೆ ಚಾಡಿ ಹೇಳುವ ಸೆನ್ಸರ್, ಟ್ಯಾಂಕಿನಿಂದ ಏಳುವ ಪೆಟ್ರೋಲಿನ ಆವಿ ಹೀರಿಕೊಳ್ಳುವ ಇದ್ದಿಲ ಡಬ್ಬಿ. "ಹಳೇ ಕಾರಿಗೆ ಈ ಒಡವೆಯೆಲ್ಲ ಯಾಕೆ?" ಎಂದು ಇಬ್ಬರೂ ಒಮ್ಮತದಿಂದ ಮೂರನ್ನೂ ಗುಜರಿಗೆ ಹಾಕಿದರು. ಅವರು ಜೀವಮಾನದಲ್ಲಿ ಒಮ್ಮತಕ್ಕೆ ಬಂದದ್ದು ಕಡಿಮೆ. ಬಂದಾಗಲೂ ಹೀಗೆ.

ಈ ವರ್ಷ ಊರಿನಲ್ಲಿ ಹೊಸ ಕಾನೂನು ಬಂತು. ಪ್ರತಿ ಕಾರೂ ಹೊಗೆ ತಪಾಸಣೆಯಲ್ಲಿ ಪಾಸಾಗಬೇಕು. ಮೂರು ಅವಕಾಶ. ಒಮ್ಮೆ ಫೇಲಾದರೆ ಪಾಸಾಗುವ ತನಕ ತಪಾಸಣೆಗೆ ಬಿಟ್ಟು ಬೇರೆಲ್ಲಿಗೂ ಓಡಿಸುವಂತಿಲ್ಲ. ಮೂರು ಸಲವೂ ಫೇಲಾದರೆ ನಂಬರ್ ಪ್ಲೇಟು ಬಿಚ್ಚಿ ಒಪ್ಪಿಸಬೇಕು. ಬಹಳ ಹಳೆಯ ಕಾರುಗಳಿಗೆ ವಿನಾಯಿತಿ ಇದೆ ಎಂದು ಓದಿದ ಸೈಲೆನ್ಸರಮ್ಮ, ಅಕ್ಕನ ಆಟಕ್ಕೂ ಅನುಕೂಲವಾಗಲೆಂದು ಒಂದು ಗುರುವಾರ ಬೆಳಿಗ್ಗೆಯೇ ಸಮಯ ಬರೆಸಿ, ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಹರಟುತ್ತ ಹೋದಳು.

ತಪಾಸಣೆಯ ಇನ್‌ಸ್ಪೆಕ್ಟರು ಕನ್ನಡಕ ಹಾಕಿದ ಹೆಂಗಸು. ಮಾತು ಮೆತ್ತಗೆ, ಪೆನ್ನು ಗಟ್ಟಿ. ಬಾನೆಟ್ ಎತ್ತಿ ನೋಡಿದಳು, ಕಾಗದ ನೋಡಿದಳು, ಮತ್ತೆ ಎಂಜಿನ್ ನೋಡಿದಳು.

"ಕಾರು ಹಳೇದೇ ಅಮ್ಮ. ಆದ್ರೆ ಎಂಜಿನ್ ಈ ಕಾರಿಂದಲ್ಲವಲ್ಲ. ಎಂಜಿನ್ ಯಾವ ವರ್ಷದ್ದೋ ಆ ವರ್ಷದ ಸಾಮಾನೆಲ್ಲ ಇರ್ಬೇಕು. ಕನ್ವರ್ಟರ್ ಎಲ್ಲಿ?"

"ಹಾಗಾದ್ರೆ ಹಳೇ ಎಂಜಿನ್ನೇ ಇಟ್ಕೊಂಡಿದ್ರೆ ಏನ್ ಮಾಡ್ತಿದ್ರಿ ಮೇಡಂ?"

"ಆಗ ಕೇಳ್ತಾನೇ ಇರ್ಲಿಲ್ಲ."

"ಅಯ್ಯೋ, ಅದು ಇದರ ಹತ್ತರಷ್ಟು ಹೊಗೆ ಉಗುಳ್ತಿತ್ತು! ನಾವು ಹಿಂದೆ ಹೋದ ಬೀದೀಲಿ ಜನ ಬಟ್ಟೆ ಒಣಹಾಕ್ತಿರ್ಲಿಲ್ಲ!"

"ಇರ್ಬಹುದು ಅಮ್ಮ. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ" ಎಂದು ಇನ್‌ಸ್ಪೆಕ್ಟರು ಮೆತ್ತಗೆ ಹೇಳಿ ಗಟ್ಟಿಯಾಗಿ ಗೀಚಿದಳು. ಎಂಜಿನ್ ಶುರು ಮಾಡುವ ಮೊದಲೇ ಒಂದು ಅವಕಾಶ ಹೋಯಿತು. ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಹಾಕಿದವನಿಗೇ ದಂಡನೆ ಎನ್ನುವ ಇಂಥ ಕಾನೂನನ್ನು ಯಾವ ಪುಣ್ಯಾತ್ಮ ಬರೆದನೋ! ಆದರೆ ಆ ಹೆಂಗಸನ್ನು ಬೈದು ಏನು ಬಂತು, ಅವಳೇನು ಕಾನೂನಿನ ಅಮ್ಮನೇ?

ಮನೆಗೆ ಬಂದು ಸುದ್ದಿ ಹೇಳಿದಾಗ ಅಕ್ಕ ಮಂಚದ ಮೇಲೆ ಕಾಲಿಗೆ ಹೊದಿಕೆ ಹೊದ್ದು ಪೇಪರ್ ಹಿಡಿದು ಕೂತಿದ್ದಳು. ಪೇಪರಿನಿಂದ ಕಣ್ಣೆತ್ತಲಿಲ್ಲ. "ಹೋದ್ರೆ ಹೋಗ್ಲಿ ಬಿಡೇ. ನಂಗೂ ಆ ಆಟ ಸಾಕಾಗಿದೆ. ಆ ಮುದುಕೀರು ಬರೀ ಮೋಸ ಮಾಡ್ತಾರೆ" ಎಂದಳು. ಮೂರು ಮಾತೂ ಸುಳ್ಳು ಎಂದು ಸೈಲೆನ್ಸರಮ್ಮನಿಗೆ ಗೊತ್ತು. ಅಲ್ಲದೆ ಅಲ್ಲಿ ಮೋಸ ಮಾಡುವವಳು ಯಾರೆಂಬುದೂ ಗೊತ್ತು. ಕಾರು ಹೋದರೆ ಇವಳಿಗೆ ಇನ್ನು ಈ ಕೋಣೆ, ಈ ಕಿಟಕಿ, ಈ ಪೇಪರು ಅಷ್ಟೇ ಎಂದುಕೊಂಡು ಅವಳು ನೇರ ಶೆಡ್ಡಿಗೆ ನಡೆದಳು.

ಅದೇ ಸಂಜೆ, ಮೂರು ಸಾಮಾನನ್ನೂ ಮತ್ತೆ ಕೊಂಡು ತರುವುದೆಂದು ನಿಶ್ಚಯಿಸಿ, ಗಂಡ ಹೆಂಡತಿ ಇಬ್ಬರೂ ಗೆರೆಯ ಎರಡು ಕಡೆ ಸ್ಟೂಲು ಹಾಕಿಕೊಂಡು ಕೂತರು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಒಂದು ಕೆಲಸ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಂದಿತ್ತು. ಸೆನ್ಸರ್ ಕೂರಬೇಕಾದ್ದು ಅವಳ ಕೊಳವೆಯಲ್ಲಿ, ಅದು ಮಾತಾಡುವುದು ಅವನ ಕಂಪ್ಯೂಟರ್ ಜೊತೆ. ಪೆಟ್ರೋಲ್ ಟ್ಯಾಂಕು ಅವಳ ಸೀಮೆಯಲ್ಲಿ, ಅದರ ಆವಿ ಹೋಗಿ ಸೇರಬೇಕಾದ್ದು ಅವನ ಎಂಜಿನ್ನಿಗೆ.

"ಸೆನ್ಸರ್ ನಂದು" ಎಂದ ಮೇಸ್ತ್ರಿ.

"ನನ್ನ ಕೊಳವೇಲಿ ತೂತು ಕೊರೆದು ಕೂರ್ಸೋದು ನಿಮ್ದು ಹೇಗಾಗತ್ತೆ? ತೂತು ನಂದು."

"ತೂತು ನಿಂದು. ಸೆನ್ಸರ್ ನಂದು."

"ವೈರು?"

ಮೇಸ್ತ್ರಿ ಯೋಚಿಸಿದ. "ಗೆರೇವರೆಗೂ ನಿಂದು, ಆಮೇಲೆ ನಂದು."

ಆವಿಯ ಪೈಪಿಗೂ ಹೀಗೇ ಒಪ್ಪಂದವಾಯಿತು. ಇದ್ದಿಲ ಡಬ್ಬಿ ಎಲ್ಲಿ ಕೂರಬೇಕೆಂಬ ವಿಚಾರದಲ್ಲಿ ಮಾತ್ರ ಮೂರು ದಿನ ಹಗ್ಗಜಗ್ಗಾಟ ನಡೆದು, ಕೊನೆಗೆ ಅದು ಹಿಂದಿನ ಡಿಕ್ಕಿಯ ಮೂಲೆಗೆ ಹೋಯಿತು.

ಕನ್ವರ್ಟರ್ ಸೈಲೆನ್ಸರಮ್ಮನಿಗೆ ನಿಜವಾದ ತಲೆನೋವು ತಂದಿತು. ಅದು ಚೆನ್ನಾಗಿ ಕಾದರೆ ಮಾತ್ರ ಕೆಲಸ ಮಾಡುವ ವಸ್ತು. ಕಾಯಬೇಕಾದರೆ ಎಂಜಿನ್ನಿಗೆ ಹತ್ತಿರವಿರಬೇಕು. ಎಂಜಿನ್ನಿಗೆ ಹತ್ತಿರ ಎಂದರೆ ಸರಿಯಾಗಿ ಅಕ್ಕನ ಬಲಗಾಲಿನ ಕೆಳಗೆ. ಬೇರೆಯವರಾದರೆ ಬಿಸಿ ತಾಗಿದ ಕೂಡಲೇ ಕಾಲು ಮಡಚಿಕೊಳ್ಳುತ್ತಾರೆ, ಅಕ್ಕ ಏನು ಮಾಡಬೇಕು? ಸೈಲೆನ್ಸರಮ್ಮ ಎರಡು ದಿನ ಕಾರಿನಡಿ ಮಲಗಿ ಅಳೆದಳು. ಕೆಟ್ಟುಹೋಗಿದ್ದ ಒಂದು ಬಟ್ಟೆ ಒಗೆಯುವ ಮಿಷಿನ್ನಿನ ಉಕ್ಕಿನ ಪೀಪಾಯಿ ಸೀಳಿ, ಬಡಿದು ಚಪ್ಪಟೆ ಮಾಡಿ, ಕನ್ವರ್ಟರಿಗೂ ಕಾರಿನ ತಳಕ್ಕೂ ನಡುವೆ ಎರಡು ಪದರದ ತಡೆ ಕಟ್ಟಿದಳು. ಪದರಗಳ ನಡುವೆ ಗಾಳಿ ಆಡಲು ಒಂದು ಬೆರಳಿನ ಸಂದು. ಆಮೇಲೆ ಎಂಜಿನ್ ಅರ್ಧ ಗಂಟೆ ಓಡಿಸಿ, ತಾನೇ ಚಪ್ಪಲಿ ಬಿಚ್ಚಿ ಬರಿಗಾಲು ಊರಿಕೊಂಡು ಕೂತಳು. ಅವಳ ಬಾಯಿಂದ ಬೇರೆ ಮಾತುಗಳು ಬಂದವೇ ಹೊರತು "ಅಯ್ಯೋ" ಎಂಬ ಮಾತು ಬರಲಿಲ್ಲ. ಅಂತೂ ಕೆಲಸ ಗೆದ್ದಿತು.

ಆದರೆ ಅತ್ತಿಂದಿತ್ತ ದಾಟುವ ಸಾಮಾನುಗಳ ದೆಸೆಯಿಂದ ಈ ಸಲ ಯಾರ ಕೆಲಸವೂ ಒಂದೇ ಏಟಿಗೆ ಮುಗಿಯಲಿಲ್ಲ. ಅವಳು ಮುಗಿಸಿದಳೆಂದಾಗ ಅವನ ವೈರು ಬಾಕಿ, ಅವನು ಮುಗಿಸಿದನೆಂದಾಗ ಅವಳ ಪೈಪಿನ ಕ್ಲಿಪ್ಪು ಬಾಕಿ.

ಎರಡನೆಯ ತಪಾಸಣೆಗೂ ಗುರುವಾರ ಬೆಳಿಗ್ಗೆಯೇ ಹೋದರು. ಇನ್‌ಸ್ಪೆಕ್ಟರು ಕಾರಿನಡಿ ಕನ್ನಡಿ ಹಿಡಿದು ನೋಡಿ, "ಎಷ್ಟು ಅಚ್ಚುಕಟ್ಟಾಗಿ ಮಾಡಿದೀರಿ ಅಮ್ಮ" ಎಂದು ಮನಸಾರೆ ಹೊಗಳಿದಳು. ಸೈಲೆನ್ಸರಮ್ಮ ಉಬ್ಬಿದಳು. ಆಮೇಲೆ ಕೊಳವೆಯ ಬಾಯಿಗೆ ಮೀಟರಿನ ಕಡ್ಡಿ ತೂರಿಸಿದರು. ವಿಷಗಾಳಿ ಶೇಕಡಾ ಅರ್ಧಕ್ಕಿಂತ ಹೆಚ್ಚಿರಬಾರದು. ಮೀಟರು ಎರಡೂವರೆ ತೋರಿಸಿತು. ಎಂಜಿನ್ನಿಗೆ ಪೆಟ್ರೋಲು ಅಗತ್ಯಕ್ಕಿಂತ ಜಾಸ್ತಿ ಹೋಗುತ್ತಿದೆ ಎಂದು ಅದರರ್ಥ. ಪೆನ್ನು ಮತ್ತೆ ಗೀಚಿತು. ವಾಪಸು ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಉಳಿದದ್ದು ಒಂದೇ ಅವಕಾಶ. ಹದಿನಾಲ್ಕು ದಿನ ಸಮಯ. ಮೇಸ್ತ್ರಿ ಗೆರೆಯಾಚೆ ಪ್ಲಗ್ಗುಗಳನ್ನು ಬದಲಿಸಿದ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳನ್ನು ತೊಳೆದ, ಸೆನ್ಸರನ್ನೇ ಹೊಸದು ತಂದ. ಸೈಲೆನ್ಸರಮ್ಮ ಗೆರೆಯೀಚೆ ತನ್ನ ಪ್ರತಿ ಬೆಸುಗೆಗೂ ಸೋಪಿನ ನೀರು ಸವರಿ, ಎಲ್ಲಿ ಗುಳ್ಳೆ ಏಳುತ್ತದೋ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಲ್ಲೂ ಏಳಲಿಲ್ಲ. ತಪ್ಪು ನಿಮ್ಮ ಕಡೆ ಇರಬೇಕು ಎಂದು ಇಬ್ಬರ ನಾಲಿಗೆ ತುದಿಗೂ ಬರುತ್ತಿತ್ತು, ಇಬ್ಬರೂ ನುಂಗಿಕೊಳ್ಳುತ್ತಿದ್ದರು. ಮರ್ಯಾದೆ ಎಂಬುದು ಕೆಲವು ಸಲ ಎಂಥ ಕೆಲಸಗೇಡಿ ಗುಣವಾಗುತ್ತದೆ ಎಂದರೆ, ಒಂದು ಸಲ ಕೂಗಾಡಿಬಿಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತು. ಒಂಬತ್ತು ದಿನ ಹೀಗೇ ಹೋಯಿತು. ಹತ್ತನೆಯ ದಿನ ಸೈಲೆನ್ಸರಮ್ಮ ಪಾನಾ ಕೆಳಗಿಟ್ಟು, "ನಂಗೆ ಭಯ ಆಗ್ತಿದೆ ಕಣ್ರೀ" ಎಂದಳು. ಮೇಸ್ತ್ರಿ ಅವಳ ಲೋಟಕ್ಕೆ ತನ್ನ ಪಾಲಿನ ಚಹಾವನ್ನೂ ಬಗ್ಗಿಸಿದ.

ಅವತ್ತು ಮಧ್ಯಾಹ್ನ ಅಕ್ಕ ಊರುಗೋಲು ಕುಟ್ಟಿಕೊಂಡು ಶೆಡ್ಡಿಗೆ ಬಂದಳು. "ನನ್ನ ಕುರ್ಚಿ ಸೊಂಟ ಹಿಡಿಯತ್ತೆ, ಸ್ವಲ್ಪ ಹೊತ್ತು ಕಾರಲ್ಲಿ ಕೂತ್ಕೋತೀನಿ" ಎಂದಳು. ಕುರ್ಚಿಗೇನೂ ಆಗಿರಲಿಲ್ಲ. ತಂಗಿ ಬಾಗಿಲು ತೆರೆದಳು, ಅಕ್ಕ ಕೂತಳು, ಕಾಲು ಚಾಚಿದಳು, ಎದುರಿಗಿದ್ದ ಗೋಡೆಯನ್ನೇ ನದಿಯ ಸೇತುವೆಯೆಂಬಂತೆ ನೋಡುತ್ತ ಕೂತಳು. ಮೇಸ್ತ್ರಿ ಇನ್ನೊಂದು ಸಲ ನೋಡೋಣವೆಂದು ಎಂಜಿನ್ ಶುರು ಮಾಡಿದ.

"ಮೇಸ್ತ್ರಿಗಳೇ, ಅದೇನು ಟಿಕ್ ಟಿಕ್ ಅಂತಿರೋದು?" ಎಂದಳು ಅಕ್ಕ.

"ವಾಲ್ವಿನ ಸದ್ದು ಅಕ್ಕಾ. ಆ ಎಂಜಿನ್ನಿನ ಅಭ್ಯಾಸ."

"ಅದಲ್ಲ. ಅದು ಬೇರೆ, ನಂಗೆ ಹದಿನಾರು ವರ್ಷದಿಂದ ಗೊತ್ತು. ಇದು ಅದರ ಹಿಂದೆ, ಇನ್ನೂ ಸಣ್ಣದು. ಯಾರೋ ಹಲ್ಲುಸಂದಿಲಿ ಉಸಿರು ಬಿಟ್ಟ ಹಾಗೆ. ನಿಮ್ಮಿಬ್ಬರಿಗೂ ಕೇಳಿಸ್ತಿಲ್ವಾ?"

ಇಬ್ಬರಿಗೂ ಕೇಳಿಸುತ್ತಿರಲಿಲ್ಲ. ನಲವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಬದುಕಿದವರ ಕಿವಿಗೆ ಅಷ್ಟು ಸಣ್ಣ ಸದ್ದು ತಲುಪುವುದು ನಿಂತು ಎಷ್ಟೋ ಕಾಲವಾಗಿತ್ತು. ಎಕ್ಸ್‌ಚೇಂಜಿನಲ್ಲಿ ಗೊರಗೊರ ಎನ್ನುವ ತಂತಿಯೊಳಗಿನಿಂದ ಜನರ ಮಾತು ಹೆಕ್ಕುತ್ತಿದ್ದ ಕಿವಿಗೆ ಕೇಳಿಸಿತು. "ಎಲ್ಲಿ ಅಕ್ಕಾ?" ಎಂದು ತಂಗಿ ಕೇಳಿದಳು. ಅಕ್ಕ ಕಣ್ಣು ಮುಚ್ಚಿ, ಊರುಗೋಲನ್ನು ಕಿಟಕಿಯಿಂದ ಹೊರಗೆ ಚಾಚಿ ನೆಲದತ್ತ ತೋರಿಸಿದಳು. ಕೋಲಿನ ತುದಿ ಹಳದಿ ಗೆರೆಯ ಮೇಲೆ ನಿಂತಿತು.

ಎಂಜಿನ್ ಆರಿಸಿದರು. ಮೇಸ್ತ್ರಿ ಮೇಲಿನಿಂದ ಕೈ ಇಳಿಸಿದ, ಸೈಲೆನ್ಸರಮ್ಮ ಕೆಳಗಿನಿಂದ ಕೈ ಏರಿಸಿದಳು. ಕೊಳವೆಯೂ ಎಂಜಿನ್ನೂ ಕೂಡುವ ಕಡೆ ಇಬ್ಬರ ಬೆರಳುಗಳೂ ಒಂದಕ್ಕೊಂದು ತಾಗಿದವು. ಮೂರು ನಟ್ಟು. ಒಂದು ಬರಿ ಬೆರಳಿಗೇ ತಿರುಗಿತು. ಎರಡನೆಯದೂ ತಿರುಗಿತು.

"ಇದನ್ನ ನೀವು ಬಿಗೀಲಿಲ್ವಾ?"

"ಕೊನೆಗೆ ಮುಗ್ಸಿದ್ದು ನೀನಲ್ವಾ?"

"ನಾನೆಲ್ಲಿ? ನಾನು ಮುಗ್ಸಿದ್ಮೇಲೆ ನೀವು ವೈರು ಎಳೀತಾ ಇದ್ರಿ!"

"ಅದಾದ್ಮೇಲೆ ನೀನು ಕ್ಲಿಪ್ಪು ಹಾಕ್ತಿದ್ದೆ."

ಆ ಸಂದಿನಿಂದ ಹೊರಗಿನ ಗಾಳಿ ಚೂರು ಚೂರೇ ಒಳಗೆ ನುಸುಳುತ್ತಿತ್ತು. ಸೆನ್ಸರ್ ಅದನ್ನು ಕಂಡು, ಇಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲು ಸಾಲದು ಎಂದು ಕಂಪ್ಯೂಟರಿಗೆ ಚಾಡಿ ಹೇಳುತ್ತಿತ್ತು. ಪಾಪದ ಕಂಪ್ಯೂಟರು ಅದನ್ನು ನಂಬಿ ಪೆಟ್ರೋಲು ಸುರಿಯುತ್ತಿತ್ತು. ಎಂಜಿನ್ನಲ್ಲಿ ದೋಷವಿಲ್ಲ, ಕೊಳವೆಯಲ್ಲಿ ದೋಷವಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಟ್ಟ ಜಾಗದಲ್ಲಿ ದೋಷ ಹಾಯಾಗಿ ಮನೆ ಮಾಡಿಕೊಂಡಿತ್ತು. ಸೈಲೆನ್ಸರಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಕಾರಿನಡಿ ಮಲಗಿಕೊಂಡೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಲಿನಿಂದ ಮೇಸ್ತ್ರಿ ನಗುವುದೂ ಕೇಳಿಸಿತು. ಆತ ನಕ್ಕರೆ ಸ್ಟಾರ್ಟ್ ಆಗದ ಸ್ಕೂಟರಿನ ಸದ್ದು ಬರುತ್ತದೆ. "ಒಳಗೆ ನಾನೊಬ್ಳು ಕೂತಿದೀನಿ, ಏನಾಯ್ತು ಅಂತ ಹೇಳ್ರೋ" ಎಂದು ಅಕ್ಕ ಕೋಲಿನಿಂದ ಬಾಗಿಲು ಕುಟ್ಟಿದಳು.

ಎರಡು ನಟ್ಟು ಸಲೀಸಾಗಿ ಬಿಗಿಯಾದವು. ಮೂರನೆಯದು ಹಠ ಹಿಡಿಯಿತು. ಅದರ ಬೋಲ್ಟೇ ಜೊತೆಗೆ ತಿರುಗುತ್ತಿತ್ತು. ಒಬ್ಬರು ಕೆಳಗಿನಿಂದ ಬೋಲ್ಟು ಹಿಡಿದುಕೊಂಡು, ಇನ್ನೊಬ್ಬರು ಪಕ್ಕದಲ್ಲೇ ಮಲಗಿ ನಟ್ಟು ತಿರುಗಿಸಬೇಕು.

"ಈಚೆ ಬನ್ರೀ" ಎಂದಳು ಸೈಲೆನ್ಸರಮ್ಮ.

ಮೇಸ್ತ್ರಿಯ ಬೂಟುಗಳು ಗೆರೆಯ ತನಕ ಬಂದು ನಿಂತವು. ಕಾರಿನಡಿಯಿಂದ ಅವಳಿಗೆ ಅವಷ್ಟೇ ಕಾಣುತ್ತಿದ್ದವು. ಅವು ಅಲ್ಲಿಂದ ಮುಂದೆ ಬರಲಿಲ್ಲ. ಒಂದು ಬೆಸುಗೆಯ ಸಿಟ್ಟಿಗೆ ಎಳೆದ ಗೆರೆ. ಸಿಟ್ಟು ಆ ತಿಂಗಳೇ ಇಳಿದಿತ್ತು. ಗೆರೆಗೆ ಮಾತ್ರ ಎರಡು ವರ್ಷಕ್ಕೊಮ್ಮೆ ಅವಳೇ ಹೊಸ ಬಣ್ಣ ಬಳಿಯುತ್ತ ಬಂದಿದ್ದಳು, ಈ ಮನುಷ್ಯ ಒಂದು ದಿನವೂ ಅದನ್ನು ತುಳಿದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಬನ್ರೀ ಅಂದ್ರೆ! ನಾನೇ ಕರೀತಿದೀನಲ್ಲ."

ಮೇಸ್ತ್ರಿ ಬಂದು ಪಕ್ಕದಲ್ಲಿ ಮಲಗಿದ. ಕೆಂಪು ಟೇಪಿನ ಪಾನಾ ಅವನ ಕೈಗೆ ಕೊಟ್ಟಳು. ಬೋಲ್ಟು ಹಿಡಿದುಕೊಂಡಳು. ಅವನು ಎರಡು ಸುತ್ತು ತಿರುಗಿಸಿ ನಿಲ್ಲಿಸಿದ.

"ಅವತ್ತು ನಿನ್ನ ಬೆಸುಗೆ ಚೆನ್ನಾಗೇ ಇತ್ತು" ಎಂದ. "ಗಿರಾಕಿ ಮುಂದೆ ನಾನು ದೊಡ್ಡಸ್ತಿಕೆ ತೋರಿಸ್ಕೊಳಕ್ಕೆ ಹೋದೆ."

"ಇದನ್ನ ಹೇಳಕ್ಕೆ ಮೂವತ್ತಾರು ವರ್ಷ ಬೇಕಾಯ್ತಾ?"

"ಹತ್ರ ಬರಕ್ಕೆ ಬಿಡ್ಬೇಕಲ್ಲ ನೀನು" ಎಂದು ಮೇಸ್ತ್ರಿ ಉಳಿದ ಅರ್ಧ ಸುತ್ತನ್ನೂ ಬಿಗಿದ.

ಮೂರನೆಯ ತಪಾಸಣೆಯ ಗುರುವಾರ ಬೆಳಿಗ್ಗೆ ಸೈಲೆನ್ಸರಮ್ಮ ಕೀಲಿಯನ್ನು ಗಂಡನ ಕೈಗೆ ಕೊಟ್ಟಳು. ಮೇಸ್ತ್ರಿಯೇ ಓಡಿಸಿದ. ಮೀಟರಿನ ಕಡ್ಡಿ ಕೊಳವೆಯ ಬಾಯಿಗೆ ಹೋಯಿತು. ಅಂಕಿ ಮೇಲೇರಿತು, ಅವಳು ಕಣ್ಣು ಮುಚ್ಚಿಕೊಂಡಳು. ಕನ್ವರ್ಟರ್ ಕಾಯುತ್ತ ಬಂದ ಹಾಗೆ ಅಂಕಿ ಇಳಿಯತೊಡಗಿತು. ಒಂದು, ಮುಕ್ಕಾಲು, ಅರ್ಧ. ಅಲ್ಲಿಗೂ ನಿಲ್ಲದೆ ಸೊನ್ನೆ ಪಾಯಿಂಟ್ ಎರಡಕ್ಕೆ ಬಂದು ಕೂತಿತು. ಇನ್‌ಸ್ಪೆಕ್ಟರು ಈ ಸಲ ಗೀಚುವ ಬದಲು ಠಸ್ಸೆ ಒತ್ತಿದಳು. "ಈ ವರ್ಷ ಬಂದ ಎಷ್ಟೋ ಹೊಸ ಕಾರುಗಳಿಗಿಂತ ನಿಮ್ದು ಚೆನ್ನಾಗಿದೆ ಅಮ್ಮ" ಎಂದಳು. ಸೈಲೆನ್ಸರಮ್ಮ ಅವಳನ್ನು ತಬ್ಬಿಕೊಂಡು ಬಿಳಿ ಕೋಟಿಗೆಲ್ಲ ಗ್ರೀಸು ಮೆತ್ತಿದಳು.

ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಮೀಟರಿನ ಬಗ್ಗೆ, ಸರಕಾರದ ಬಗ್ಗೆ, ಮೂರನೆಯ ನಟ್ಟಿನ ಬಗ್ಗೆ ಒಂದೇ ಸಮ ಹೇಳುತ್ತ ಬಂದಳು. ಐದು ಗುರುವಾರ ತಪ್ಪಿಹೋಗಿದ್ದವು. ಅಕ್ಕನನ್ನು ಎಬ್ಬಿಸಿ, ತಲೆ ಬಾಚಿಸಿ, ಬೂಟು ಹಾಕಿ ಹೊರಡಿಸಲು ಸಮಯ ಸಾಕಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದಳು. ಬೂಟಿಗೇ ಕಾಲು ಗಂಟೆ ಬೇಕು. ಅಕ್ಕನ ಕೈ ಬಲಪಾದದ ತನಕ ಹೋಗುವುದಿಲ್ಲ, ಹನ್ನೆರಡು ವರ್ಷದಿಂದ ಗುರುವಾರ ಮಧ್ಯಾಹ್ನ ಅದನ್ನು ತೊಡಿಸುವವಳು ತಂಗಿಯೇ.

ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನೀಲಿ ಕೋಟು, ಬಾಚಿದ ತಲೆ, ಕೈಯಲ್ಲಿ ಗುಂಡಿಯ ಡಬ್ಬಿ, ಎರಡೂ ಕಾಲಿಗೆ ಬೂಟು. ಬಲಗಾಲಿನ ಬೂಟಿನ ದಾರಗಳು ಮಾತ್ರ ನೆಲಕ್ಕೆ ಇಳಿಬಿದ್ದಿದ್ದವು.

"ಪಾಸಾಯ್ತು ಅಂತ ನಿಂಗ್ಯಾರು ಹೇಳಿದ್ರು?" ಎಂದಳು ತಂಗಿ ಬೆರಗಾಗಿ.

"ಯಾರೂ ಹೇಳ್ಲಿಲ್ಲ."

"ಮತ್ತೆ ಈ ಬೂಟು?"

"ನಾನೇ ಹಾಕ್ಕೊಂಡೆ. ಬಾಗಿಲ ಸಂದಿಗೆ ಸಿಗಿಸಿ, ಊರುಗೋಲಲ್ಲಿ ತಳ್ಳಿ. ಒಂದು ಗಂಟೆ ಹಿಡೀತು."

"ಒಂದು ವೇಳೆ ಫೇಲಾಗಿದ್ರೆ?"

ಅಕ್ಕ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಆ ಎರಡು ಸಲವೂ ಹಾಕ್ಕೊಂಡಿದ್ದೆ ಕಣೇ. ಮೂಲೆ ತಿರುಗುವಾಗ ಕಾರಿನ ಸದ್ದು ಬಂತು, ನಿನ್ನ ಬಾಯಿ ಸದ್ದು ಬರ್ಲಿಲ್ಲ. ಗೊತ್ತಾಯ್ತು. ಎಡಗಾಲಿಂದು ಬಿಚ್ಚಿ ಮಂಚದಡಿ ತಳ್ಳಿದೆ. ಬಲಗಾಲಿಂದು ಬಿಚ್ಚಕ್ಕೆ ಸಮಯ ಎಲ್ಲಿತ್ತು? ಮೇಲೆ ಹೊದಿಕೆ ಎಳ್ಕೊಂಡೆ."

ಸೈಲೆನ್ಸರಮ್ಮ ಅಕ್ಕನ ಬಲಗಾಲನ್ನೇ ನೋಡಿದಳು. ಆಟ ಸಾಕಾಗಿದೆ ಎಂದು ಪೇಪರಿನಿಂದ ಕಣ್ಣೆತ್ತದೆ ಹೇಳಿದ ಅಕ್ಕನ ಕಾಲಿನಲ್ಲಿ, ಹೊದಿಕೆಯ ಕೆಳಗೆ, ಹೊರಡಲು ಸಿದ್ಧವಾದ ಬೂಟು ಇತ್ತು. ಅವಳು ಮೆಟ್ಟಿಲ ಮೇಲೆಯೇ ಮಂಡಿಯೂರಿ ಕೂತು, ಅಳುವುದು ಕಾಣದಿರಲೆಂದು ತಲೆ ತಗ್ಗಿಸಿ, ದಾರ ಕಟ್ಟತೊಡಗಿದಳು.

"ಬೇಗ ಕಟ್ಟೇ" ಎಂದಳು ಅಕ್ಕ, ತಂಗಿಯ ತಲೆಯ ಮೇಲೆ ಕೈಯಿಟ್ಟು. "ಮೂರು ಗಂಟೆಗೆ ಸರಿಯಾಗಿ ಎಲೆ ಹಂಚಿಬಿಡ್ತಾರೆ."